ಕಂಬದ ಹತ್ರ ಬಂದು ನಿಂತ ಸಮಾಧಾನ

ಸಭೆ ಅಂದಮೇಲೆ ಏನಾದರೂ ಒಂದು ಆಗ್ತಾನೇ ಇರುತ್ತೆ. ಅದೂ ನಗಬಾರದ ಜಾಗದಲ್ಲೇ ನಗು ಒತ್ತರಿಸಿಕೊಂಡು ಬರೋದು, ಏನು ಮಾಡೋದು ಹೇಳ್ರಿ. ನಮ್ಮದು ಹಿರಿಯೂರಿನ ಒಂದು ಸಣ್ಣ ಚರ್ಚು. ಹಂಚಿನ ಮಾಡು, ಮುಂದೆ ಬೇವಿನ ಮರ, ಒಳಗೆ ನೆಲದ ಮೇಲೆ ಜಮಖಾನ. ಎಡಕ್ಕೆ ಹೆಂಗಸರು, ಬಲಕ್ಕೆ ಗಂಡಸರು. ಮದುವೆಯಾಗಿ ಈ ಊರಿಗೆ ಬಂದಾಗಿಂದ ನಾನು ಕುಂತಿರೋದು ಒಂದೇ ಜಾಗದಲ್ಲಿ, ಕಂಬದ ಪಕ್ಕ. ಓದು ಬರಹ ನನಗೆ ಬರಲ್ಲ. ಹಾಡಿನ ಪುಸ್ತಕ ಮಾತ್ರ ಕೈಯಲ್ಲಿ ಹಿಡಿದಿರ್ತೀನಿ. ತಲೆಕೆಳಗಾಗಿದ್ರೆ ಪಕ್ಕದೋರು ತಿರುಗಿಸಿ ಕೊಡ್ತಾರೆ. ಇದನ್ನೂ ಹೇಳ್ತಿರೋದು ನಾನು, ಬರೀತಿರೋದು ನನ್ನ ಸೊಸೆ. ಈ ವರ್ಷ ಸುಗ್ಗಿ ಹಬ್ಬದಿಂದ ಈಸ್ಟರ್ ಹಬ್ಬದ ತನಕ ನಮ್ಮ ಸಭೆಯಲ್ಲಿ ಯಾರಿಗೆ ಏನಾಗ್ತಿದೆ ಅಂತ ಯಾರಿಗೂ ಗೊತ್ತಾಗಲಿಲ್ಲ. ಅಷ್ಟನ್ನ ಹೇಳ್ತೀನಿ, ಕೇಳ್ರಿ.

೧. ಪ್ರೀತಿ ಭೋಜನದಲ್ಲಿ ಬಂದ ಜಗಳ

ಎದುರು ಮನೆಯೋಳು ನನ್ನ ವಾರಗಿತ್ತಿ, ಅಂದರೆ ನನ್ನ ಮೈದುನನ ಹೆಂಡತಿ. ನನಗಿಂತ ಚಿಕ್ಕೋಳು. ನಾನು ಅಕ್ಕ, ಅವಳು ತಂಗಿ ಅಂತ ಬಾಳಿದೋರು ನಾವು. ಅವಳ ಮನೆ ಒಗ್ಗರಣೆ ಚಟಪಟ ಅಂದ್ರೆ ನಮ್ಮನೇಲಿ ತಟ್ಟೆ ಹಾಕ್ತಿದ್ವಿ.

ಸುಗ್ಗಿ ಹಬ್ಬ ಬಂತು. ಆವತ್ತು ಮೊದಲ ಬೆಳೆ ತಂದು ದೇವರ ಮುಂದೆ ಇಡ್ತೀವಿ. ರಾಗಿ, ಶೇಂಗಾ, ಈರುಳ್ಳಿ, ಯಾರೋ ಒಬ್ಬರು ಕಾಲು ಕಟ್ಟಿದ ಕೋಳಿ. ಆಮೇಲೆ ಇಡೀ ಸಭೆ ಒಟ್ಟಿಗೆ ಕುಂತು ಉಣ್ಣಬೇಕು. ಅದಕ್ಕೆ ಪ್ರೀತಿ ಭೋಜನ ಅಂತ ಹೆಸರು. ಚರ್ಚಿನ ಹಿಂದೆ ಕಲ್ಲು ಒಲೆ ಹೂಡಿ, ದೊಡ್ಡ ದಬರಿಯಲ್ಲಿ ಕುರಿ ಸಾರು ಕುದೀತಾ ಇತ್ತು. ನಾನು ಬೊಗಸೆ ತುಂಬ ಕಲ್ಲುಪ್ಪು ಹಾಕಿ, ಮುದ್ದೆ ಏನಾಯ್ತೋ ನೋಡಾಣ ಅಂತ ಆ ಕಡೆ ಹೋದೆ. ವಾರಗಿತ್ತಿ ಈ ಕಡೆಯಿಂದ ಬಂದು ಅವಳೂ ಒಂದು ಬೊಗಸೆ ಹಾಕಿದಳು.

ಹೊಸ ಅಯ್ಯನೋರು, ಅಂದರೆ ಪಾದ್ರಿಗಳು, ನಮ್ಮ ಸಭೆಗೆ ಬಂದು ಇನ್ನೂ ಒಂದು ವಾರ ಆಗಿರಲಿಲ್ಲ. ಕರಾವಳಿ ಕಡೆಯೋರು, ವಯಸ್ಸು ಚಿಕ್ಕದು, ಮಾತೆಲ್ಲ ಪುಸ್ತಕದ ಹಾಗೆ. ಮೊದಲ ತುತ್ತು ಬಾಯಿಗಿಟ್ಟರು. ನೀರು ಕುಡಿದರು. ಎರಡನೇ ತುತ್ತಿಗೆ ಚೊಂಬು ಪೂರ್ತಿ ಎತ್ತಿದರು. ಕಣ್ಣಲ್ಲಿ ನೀರು ತುಂಬಿಕೊಂಡು, "ತುಂಬಾ... ತುಂಬಾ ಚೆನ್ನಾಗಿದೆ" ಅಂದರು. ಪಾಪ, ನಮ್ಮ ಕಡೆ ಇಷ್ಟೇ ಉಪ್ಪು ಉಣ್ತಾರೆ ಅಂದ್ಕೊಂಡಿದ್ರಂತೆ.

ನಮ್ಮ ಯಜಮಾನರು ಮಾತ್ರ ಸುಮ್ಮನಿರೋ ಜಾತಿ ಅಲ್ಲ. "ಯಾರೇ ಇದಕ್ಕೆ ಉಪ್ಪು ಹಾಕಿದ್ದು?" ಅಂತ ಕೂಗಿದರು.

"ನಾನು" ಅಂದೆ.

"ನಾನು" ಅಂದಳು ವಾರಗಿತ್ತಿ.

"ಹಾಕೋ ಮುಂಚೆ ಒಂದು ತೊಟ್ಟು ಬಾಯಿಗೆ ಬಿಟ್ಕಂಡು ನೋಡಕ್ಕಾಗ್ಲಿಲ್ವೇನೇ?" ಅಂದೆ ನಾನು.

"ಹಾಕಿದ್ಮೇಲೆ ಹಾಕೀನಿ ಅಂತ ಬಾಯಿಬಿಟ್ಟು ಹೇಳಕ್ಕಾಗ್ಲಿಲ್ವೇನಕ್ಕ?" ಅಂದಳು ಅವಳು.

"ಹಿರೇ ಸೊಸೆ ನಾನು. ಉಪ್ಪು ಯಾವತ್ತೂ ನಂದು."

"ಈ ವರ್ಷ ಸಾರಿನ ಉಸ್ತುವಾರಿ ಸ್ತ್ರೀಯರ ಸಂಘದೋರು ನಂಗೆ ಕೊಟ್ಟಿದ್ದು. ಸಾರಿನ ಜೊತೆ ಉಪ್ಪೂ ಬಂತು."

ಅಲ್ಲಿಗೆ ಮಾತು ನಿಂತಿತು. ನಿಂತದ್ದು ನಿಂತೇ ಹೋಯ್ತು. ಯೋಚನೆ ಮಾಡಿದ್ರೆ ಇಬ್ಬರೂ ಯಾವ ತಪ್ಪೂ ಮಾಡಿರಲಿಲ್ಲ, ಅವರವರ ಕರ್ತವ್ಯ ಮಾಡಿದ್ವಿ ಅಷ್ಟೆ. ನಮ್ಮಲ್ಲಿ ಒಬ್ಬಳಾದರೂ ಮೈಗಳ್ಳಿ ಆಗಿದ್ದಿದ್ರೆ ಸಾರು ಚೆನ್ನಾಗಿರ್ತಿತ್ತು.

೨. ಮುಷ್ಟಿಯಲ್ಲಿ ಹಿಡಿದು ತಂದ ಕರ್ತವ್ಯ

ಈಸ್ಟರ್ ಹಬ್ಬಕ್ಕೆ ಮುಂಚಿನ ಉಪವಾಸದ ದಿನಗಳು ಶುರುವಾದವು. ಅಯ್ಯನೋರು ಪೀಠದಿಂದ, "ಸಭೆಯ ಸದಸ್ಯರಾದ ನಮ್ಮ ಕರ್ತವ್ಯಗಳೇನು ಎಂಬುದನ್ನು ಇಂದು ತಿಳಿದುಕೊಳ್ಳೋಣ. ಎಲ್ಲರೂ ಬರೆದುಕೊಳ್ಳಿ" ಅಂದರು. ಬರೆಯೋರೆಲ್ಲ ಬರೆದುಕೊಂಡರು. ನಾನು ಎಲ್ಲಿ ಬರೀಲಿ? ಒಂದೊಂದು ಹೇಳಿದ ಹಾಗೆಲ್ಲ ಒಂದೊಂದು ಬೆರಳು ಮಡಚಿದೆ. ಭಾನುವಾರ ತಪ್ಪಿಸದೆ ಬರಬೇಕು, ಅದು ಕಿರುಬೆರಳು. ಒಬ್ಬರಿಗಾಗಿ ಒಬ್ಬರು ಪ್ರಾರ್ಥನೆ ಮಾಡಬೇಕು, ಉಂಗುರದ ಬೆರಳು. ಕಾಯಿಲೆ ಬಿದ್ದೋರನ್ನ ಹೋಗಿ ನೋಡಬೇಕು, ನಡುಬೆರಳು. ನೆರೆಯೋರನ್ನ ಸಭೆಗೆ ಕರಕೊಂಡು ಬರಬೇಕು, ತೋರುಬೆರಳು. ಆಮೇಲೆ ಅಯ್ಯನೋರು ಹೆಂಗಸರ ಕಡೆ, ಅದರಲ್ಲೂ ನನ್ನ ಕಂಬದ ಕಡೆ ನೋಡಿದರು.

"ಯಾರ ಮೇಲಾದರೂ ಮನಸ್ತಾಪ ಇದ್ದರೆ ಮೊದಲು ಹೋಗಿ ಸಮಾಧಾನ ಮಾಡಿಕೊಳ್ಳಿರಿ. ಮಾಡಿಕೊಳ್ಳದವರು ಈಸ್ಟರ್ ದಿನ ಕರ್ತನ ಭೋಜನಕ್ಕೆ ಕೈಚಾಚುವ ಮೊದಲು ಯೋಚಿಸಿರಿ" ಅಂದರು.

ಅದು ಹೆಬ್ಬೆಟ್ಟು.

ಸಭೆಗೆ ಸೇರಿದ ವರ್ಷದಿಂದ ಈಸ್ಟರ್ ಹಬ್ಬದ ರೊಟ್ಟಿ, ದ್ರಾಕ್ಷಾರಸ ನಾನು ಬಿಟ್ಟವಳಲ್ಲ. ಮಗನ ಬಾಣಂತನದಲ್ಲೂ ಬಿಟ್ಟಿರಲಿಲ್ಲ, ಕಾಲು ಮುರಿದಾಗಲೂ ಬಿಟ್ಟಿರಲಿಲ್ಲ. ಈಗ ಒಂದು ಬೊಗಸೆ ಉಪ್ಪಿಗೋಸ್ಕರ ಬಿಡಬೇಕಾ? ಹಾಗಂತ ನಾನೇ ಮೊದಲು ಹೋಗಿ ಮಾತಾಡಿಸಬೇಕಾ? ಹಿರಿಯಳು ನಾನು!

ಬೆರಳು ಬಿಚ್ಚಿದರೆ ಎಲ್ಲಾ ಮರೆತುಹೋಗ್ತವೆ ಅಂತ ಮುಷ್ಟಿ ಹಿಡಿದುಕೊಂಡೇ ಹೊರಟೆ. ದಾರಿಯಲ್ಲಿ ಕೊತ್ತಂಬರಿ ಸೊಪ್ಪು ಕೊಂಡಾಗ, "ಇದನ್ನ ಹಿಡ್ಕಳೇ" ಅಂದರು ಯಜಮಾನರು.

"ಆಗಲ್ಲ. ಈ ಕೈಯಾಗೆ ಕರ್ತವ್ಯ ಅವೆ."

"ಆ ಕೈಯಾಗೆ?"

"ಹಾಡಿನ ಪುಸ್ತಕ ಐತೆ."

ಅವರು ಗೊಣಗ್ತಾ ಕೊತ್ತಂಬರಿ ಹೊತ್ತುಕೊಂಡು ಬಂದರು. ನಾನು ಮುಷ್ಟಿಯನ್ನ ಎದೆ ಎತ್ತರಕ್ಕೆ ಹಿಡಿದು, ಬಾಯಲ್ಲಿ "ಕಿರುಬೆರಳು ಭಾನುವಾರ, ಉಂಗುರ ಪ್ರಾರ್ಥನೆ" ಅಂತ ಗುಣುಗುತ್ತಾ ನಮ್ಮ ಬೀದಿಗೆ ತಿರುಗಿದೆ. ಎದುರು ಮನೆ ಬಾಗಿಲಲ್ಲಿ ವಾರಗಿತ್ತಿ ಬಟ್ಟೆ ಒಣಗಿಸ್ತಾ ಇದ್ದಳು. ನನ್ನ ಮುಖ ನೋಡಿದಳು, ನನ್ನ ಮುಷ್ಟಿ ನೋಡಿದಳು, ಹಸಿ ಬಟ್ಟೆ ಬಕೆಟ್‌ನಲ್ಲೇ ಬಿಟ್ಟು ಒಳಗೆ ಹೋಗಿ ಅಗಳಿ ಹಾಕ್ಕೊಂಡಳು.

೩. ಹಿಂದಿನ ಸಾಲಿಗೆ ಬರಗಾಲ

ನಮ್ಮ ಆರಾಧನೆಯಲ್ಲಿ ಒಂದು ಪದ್ಧತಿ ಐತೆ, ಗೊತ್ತಿಲ್ಲದೋರಿಗೆ ಹೇಳಿಬಿಡ್ತೀನಿ. ಅಯ್ಯನೋರು ಪೀಠದ ಹತ್ರ ನಿಂತು, ಮುಂದಿನ ಸಾಲಿನೋರ ಎರಡೂ ಕೈ ತಮ್ಮ ಎರಡು ಕೈಯೊಳಗೆ ಹಿಡಿದು, "ದೇವರ ಸಮಾಧಾನ ನಿಮಗಿರಲಿ" ಅಂತಾರೆ. ಹಿಡಿಸಿಕೊಂಡೋರು ಪಕ್ಕದೋರಿಗೆ ಹಾಗೇ ಕೊಡಬೇಕು. ಅವರು ಅವರ ಪಕ್ಕದೋರಿಗೆ. ಒಂದು ಸಾಲು ಮುಗಿದರೆ ಕೊನೇ ಕುಂತೋರು ಹಿಂದೆ ತಿರುಗಿ ಹಿಂದಿನ ಸಾಲಿಗೆ ಕೊಡ್ತಾರೆ. ಹೀಗೆ ಕೈಯಿಂದ ಕೈಗೆ, ಸಾಲಿಂದ ಸಾಲಿಗೆ ಸಮಾಧಾನ ಬಾಗಿಲ ತನಕ ಹೋಗಬೇಕು.

ನಮ್ಮ ಸಾಲಲ್ಲಿ ಕೊನೆಯೋಳು ನಾನು, ಕಂಬದ ಪಕ್ಕ. ನನ್ನ ಹಿಂದಿನ ಸಾಲಲ್ಲಿ ಮೊದಲನೆಯೋಳು, ಅದೇ ಕಂಬದ ಪಕ್ಕ, ನನ್ನ ಬೆನ್ನಿಗೇ ವಾರಗಿತ್ತಿ!

ಜಾಗ ಬದಲಾಯಿಸಿದ್ರೆ ಆಯ್ತು ಅಂತೀರಾ? ನಾನು ಎದ್ದರೆ ನಾನು ಸೋತ ಹಾಗೆ. ಅವಳು ಎದ್ದರೆ ಅವಳು ಸೋತ ಹಾಗೆ. ಇಬ್ಬರೂ ಬೇಗ ಬೇಗ ಬಂದು ಅದದೇ ಜಾಗ ಹಿಡಿದು ಕುಂತ್ಕೊಳ್ತಿದ್ವಿ. ಸಮಾಧಾನ ನನ್ನ ಕೈಗೆ ಬರೋ ಹೊತ್ತಿಗೆ ನನಗೆ ಕೆಮ್ಮು ಬರ್ತಿತ್ತು, ಇಲ್ಲಾ ತುರುಬು ಬಿಚ್ಚಿಹೋಗ್ತಿತ್ತು, ಇಲ್ಲಾ ಕಣ್ಣಿಗೆ ಏನೋ ಬೀಳ್ತಿತ್ತು. ಸಮಾಧಾನ ನನ್ನ ಹತ್ರ ಬಂದು ನಿಂತುಬಿಡ್ತಿತ್ತು. ನನ್ನ ಬೆನ್ನ ಹಿಂದೆ ಇದ್ದ ಹೆಂಗಸರಿಗೆಲ್ಲ ಬರಗಾಲ.

ಮೂರನೇ ಸಾಲಿನ ಒಬ್ಬಾಕೆ ಆರಾಧನೆ ಮುಗಿದ ಮೇಲೆ ಬೇವಿನ ಮರದ ಕೆಳಗೆ ನನ್ನ ಹಿಡಿದು ನಿಲ್ಲಿಸಿದಳು. "ನೀವಿಬ್ರೂ ಉಪ್ಪು ಹಾಕಿದ್ದಕ್ಕೆ ನಾವ್ಯಾಕೆ ಸಪ್ಪಗಿರ್ಬೇಕು ದೊಡ್ಡಮ್ಮ? ಸುಗ್ಗಿ ಹಬ್ಬದಿಂದ ನಮ್ಮ ಕಡೆ ಒಂದು ಹನಿ ಸಮಾಧಾನ ಇಳಿದಿಲ್ಲ. ನಮ್ಮನೇಲಿ ದಿನಾ ಕೂಗಾಟ!"

ಅಯ್ಯನೋರು ಬುದ್ಧಿವಂತಿಕೆ ಮಾಡಿದರು. ಮುಂದಿನ ಭಾನುವಾರ ನೇರವಾಗಿ ಬಾಗಿಲ ಹತ್ರ ಹೋಗಿ ಹಿಂದಿನ ಸಾಲಿಂದ ಶುರು ಮಾಡಿದರು. ಸಮಾಧಾನ ಹಿಂದಿಂದ ಸರಸರ ಬಂತು. ವಾರಗಿತ್ತಿ ಕೈಗೆ ಬಂದ ತಕ್ಷಣ ಅವಳಿಗೆ ಕೆಮ್ಮು ಬಂತು. ಈ ಸಲ ಮುಂದಿನೋರಿಗೆಲ್ಲ ಬರಗಾಲ.

ಅದರ ಮುಂದಿನ ವಾರ ಎರಡೂ ಕಡೆಯಿಂದ ಶುರು ಮಾಡಿಸಿದರು. ಮುಂದಿಂದ ಒಂದು ಬಂತು, ಹಿಂದಿಂದ ಒಂದು ಬಂತು. ಎರಡೂ ಬಂದು ಕಂಬದ ಹತ್ರ ನಿಂತವು. ಇಡೀ ಸಭೆಗೆ ಸಮಾಧಾನ ಸಿಕ್ಕಿತು. ಅಯ್ಯನೋರಿಗೂ ಗೆದ್ದೆ ಅನ್ನಿಸಿರಬೇಕು, ಮುಖ ಅರಳಿತು. ಆಗಲೇ ಗಂಡಸರ ಕಡೆಯಿಂದ ನಮ್ಮ ಯಜಮಾನರು ಎದ್ದು ನಿಂತು ಕೇಳಿದರು: "ಅಯ್ಯನೋರೇ, ಅಲ್ಲಿ ಎರಡು ಸಮಾಧಾನ ಸೇರ್ಕಂಡ್ರೂ ಜಗಳ ಬಿಟ್ಟಿಲ್ವಲ್ಲ, ಮೂರನೇದು ಕಳಿಸಾಣವಾ?"

೪. ದೇವರ ಮೂಲಕ ಮಾತುಕತೆ

ಹೆಬ್ಬೆಟ್ಟು ಬಿಟ್ಟು ಬೇರೆ ಬೆರಳಲ್ಲೇ ಕೆಲಸ ಆಗುತ್ತಾ ನೋಡಾಣ ಅಂತ ಯೋಚನೆ ಮಾಡಿದೆ. ಉಂಗುರದ ಬೆರಳು: ಒಬ್ಬರಿಗಾಗಿ ಒಬ್ಬರು ಪ್ರಾರ್ಥನೆ. ಉಪವಾಸದ ದಿನಗಳಲ್ಲಿ ವಾರಕ್ಕೊಂದು ಮನೆಯಲ್ಲಿ ಪ್ರಾರ್ಥನೆ ಕೂಟ ಇರುತ್ತೆ. ಆ ವಾರ ನಮ್ಮನೆ ಸರದಿ. ಸಭೆಯೋರು ಬಂದ ಮೇಲೆ ಎದುರು ಮನೆಯೋಳು ಬರದೇ ಇದ್ರೆ ಜನ ಆಡ್ಕೊಳ್ತಾರಲ್ಲ, ವಾರಗಿತ್ತಿಯೂ ಬಂದಳು. ಬಾಗಿಲ ಪಕ್ಕ, ಯಾವಾಗ ಬೇಕಾದ್ರೂ ಎದ್ದು ಹೋಗೋ ಹಾಗೆ ಕುಂತಳು.

ಎಲ್ಲರೂ ಕಣ್ಣು ಮುಚ್ಚಿದರು. ನಾನು ಶುರು ಮಾಡಿದೆ. "ತಂದೆಯೇ, ನಮ್ಮ ನೆಂಟರಿಷ್ಟರನ್ನ ಆಶೀರ್ವದಿಸು. ಎದುರಿಗಿರೋರನ್ನೂ ಆಶೀರ್ವದಿಸು. ಅಡಿಗೆ ಮಾಡೋರಿಗೆ ರುಚಿ ನೋಡಿ ಮುಂದಕ್ಕೆ ಹೋಗೋ ಬುದ್ಧಿ ಕೊಡು."

ನನ್ನದು ಮುಗೀತಿದ್ದ ಹಾಗೇ ಬಾಗಿಲ ಕಡೆಯಿಂದ ದನಿ ಬಂತು. "ಕರ್ತನೇ, ಸ್ತೋತ್ರ. ಹಿರಿಯರಿಗೆ ಆಯುಸ್ಸು ಕೊಡು. ಮಾಡಿದ ಕೆಲಸವನ್ನ ನಾಲ್ಕು ಜನಕ್ಕೆ ಹೇಳಿ ಮಾಡೋ ಅಭ್ಯಾಸಾನೂ ಕೊಡು."

ನಾನು ಬಿಡ್ತೀನಾ? "ತಂದೆಯೇ, ಇನ್ನೊಂದು ಮಾತು ಮರೆತೆ. ನಮ್ಮ ಕೆಂಪು ಹುಂಜ ಮೊನ್ನೆಯಿಂದ ಕಾಣ್ತಿಲ್ಲ. ಅದು ಯಾರ ಹಿತ್ತಲಲ್ಲಿ ಐತೆ ಅಂತ ನಿನ್ನ ಕಣ್ಣಿಗೆ ಮರೆಯಿಲ್ಲ."

"ಕರ್ತನೇ, ಆ ಹುಂಜ ನಮ್ಮ ಹಿತ್ತಲಿಗೆ ಬಂದಿದ್ದು ನಿಜ. ಬಂದಿದ್ದು ಕಾಳು ತಿನ್ನಕ್ಕೆ. ತಿಂದು ವಾಪಸ್ ಹೋಗೋ ದಾರಿ ಅದಕ್ಕೆ ಗೊತ್ತಿಲ್ದೇ ಇದ್ರೆ ನಿನ್ನ ಸೇವಕಿ ಏನು ಮಾಡ್ಲಿ? ಒಯ್ಯೋರು ಬಂದು ಒಯ್ಯಲಿ."

"ತಂದೆಯೇ, ಒಯ್ಯಕ್ಕೆ ಬಂದ್ರೆ ಬಾಗಿಲು ಹಾಕ್ತಾರೆ!"

"ಕರ್ತನೇ, ಮುಷ್ಟಿ ಹಿಡ್ಕಂಡು ಬಂದ್ರೆ ಯಾರಾದ್ರೂ ಹಾಕ್ತಾರೆ!"

ಸಭೆಯೋರಿಗೆ ಎಲ್ಲಿ ಆಮೆನ್ ಅನ್ನಬೇಕು ಅಂತ ತಿಳೀಲಿಲ್ಲ. ನನ್ನ ಮಾತಿಗೆ ಒಂದಷ್ಟು ಜನ ಆಮೆನ್ ಅಂದ್ರೆ ಅವಳ ಮಾತಿಗೆ ಒಂದಷ್ಟು ಜನ. ಒಳಗೆ ಸೊಸೆ ಮಾಡಿಟ್ಟ ಉಪ್ಪಿಟ್ಟು ತಣ್ಣಗಾಗ್ತಿತ್ತು. ಅಯ್ಯನೋರು ಬಾಯಿ ತೆರೆದಾಗ ಎಲ್ಲರಿಗೂ ಜೀವ ಬಂತು.

"ಪರಲೋಕದ ತಂದೆಯೇ," ಅಂದರು. "ನಾನು ಇಲ್ಲಿಗೆ ಯಾವುದರ ಸಲುವಾಗಿ ಪ್ರಾರ್ಥಿಸಲು ಬಂದಿದ್ದೆ ಎಂಬುದು ನನಗೆ ಮರೆತುಹೋಗಿದೆ. ನಿನಗಾದರೂ ನೆನಪಿರಲಿ. ಆಮೆನ್."

೫. ದುರ್ಗದ ಆಸ್ಪತ್ರೆಯಲ್ಲಿ ಸಿಟ್ಟು ಇಳಿಸಿದ್ದು

ಈಸ್ಟರಿಗೆ ಒಂದು ವಾರ ಮುಂಚಿನ ಗರಿಗಳ ಭಾನುವಾರ ಹತ್ರ ಬಂತು. ವಾರಗಿತ್ತಿ ಮನೆಗೆ ಬೀಗ. ಹಾಲು ಹಾಕೋಳನ್ನ ಕೇಳಿದರೆ, "ಆ ಚಿಕ್ಕಮ್ಮ ದುರ್ಗದ ಆಸ್ಪತ್ರೆಗೆ ಹೋಗೈತಂತೆ" ಅಂದಳು.

ನನಗೆ ಒಂದು ಕಡೆ ಎದೆ ಝಲ್ಲೆಂದಿತು, ಇನ್ನೊಂದು ಕಡೆ, ದೇವರು ಕ್ಷಮಿಸಲಿ, ಸಂತೋಷವೂ ಆಯ್ತು. ಕಾಯಿಲೆ ಬಿದ್ದೋರ ಹತ್ರ ಮೊದಲು ಮಾತಾಡಿದ್ರೆ ಅದು ಸೋತ ಹಾಗಲ್ಲ ನೋಡ್ರಿ. ಅದು ನಡುಬೆರಳು, ಕರ್ತವ್ಯ! ರಾಗಿ ಗಂಜಿ ಮಾಡಿ ಫ್ಲಾಸ್ಕಿಗೆ ತುಂಬಿಕೊಂಡು ಚಿತ್ರದುರ್ಗದ ಬಸ್ಸು ಹತ್ತಿದೆ. ಕನ್ನಡಕ ಮರೆತು ಬಂದಿದ್ದು ಗೊತ್ತಾಗಿದ್ದು ಐಮಂಗಲ ದಾಟಿದ ಮೇಲೆ.

ವಾರ್ಡಿನಲ್ಲಿ ಒಬ್ಬ ಹುಡುಗಿಯನ್ನ "ಹಿರಿಯೂರಿನಾಕೆ ಎಲ್ಲಮ್ಮ?" ಅಂತ ಕೇಳಿದೆ. "ಆ ಮೂಲೆಗೆ ಇದ್ರು ನೋಡಿ" ಅಂದಳು. ಮೂಲೆ ಮಂಚದ ಮೇಲೆ ಮುಸುಕು ಹಾಕ್ಕೊಂಡು ಒಬ್ಬಳು ಮಲಗಿದ್ದಳು. ಅದೇ ಮೈಕಟ್ಟು. ಪಕ್ಕದಲ್ಲಿ ಒಬ್ಬಾಕೆ ವಯಸ್ಸಾದೋರು ಕುಂತಿದ್ದರು. ವಾರಗಿತ್ತಿ ತವರಿನೋರು ಇರಬೇಕು ಅಂದ್ಕೊಂಡು ನಮಸ್ಕಾರ ಮಾಡಿದೆ. ಅವರೂ ಗುರುತಿದ್ದೋರ ಹಾಗೆ, "ಬರ್ರಿ, ಕುಂತ್ಕಳ್ರಿ" ಅಂದರು.

ಮಾತಾಡಿಸಿದರೆ ಮತ್ತೆ ಉಪ್ಪಿನ ವಿಷಯ ಬರುತ್ತೆ ಅಂತ ನಾನು ನೇರವಾಗಿ ಮಂಚದ ಪಕ್ಕ ನಿಂತು, ಮುಸುಕಿನ ಮೇಲೇ ಕೈಯಿಟ್ಟು, ಕಣ್ಣು ಮುಚ್ಚಿ ಪ್ರಾರ್ಥನೆ ಮಾಡಿದೆ. "ತಂದೆಯೇ, ಇವಳ ಕಾಯಿಲೆ ವಾಸಿ ಮಾಡು. ಕಾಯಿಲೆಗಿಂತ ಮೊದಲು ಇವಳ ಸಿಟ್ಟು ಇಳಿಸು. ಹಿರಿಯರಿಗೆ ಎದುರು ಮಾತಾಡೋದು ಬಿಡಿಸು. ಸಣ್ಣಸಣ್ಣದಕ್ಕೆ ಬಾಗಿಲು ಹಾಕ್ಕೊಳ್ಳೋದು ಬಿಡಿಸು. ಮೂಲದಲ್ಲಿ ಒಳ್ಳೇ ಹೆಂಗಸೇ ಇವಳು, ನಂಗೆ ಗೊತ್ತು. ಇವಳ ಮುಖ ನೋಡದೆ ನಂಗೆ ಅನ್ನ ಇಳೀತಿಲ್ಲ." ಹೇಳ್ತಾ ಹೇಳ್ತಾ ನನಗೇ ಅಳು ಬಂತು.

ಆಮೆನ್ ಅಂದು ಕಣ್ಣು ಬಿಟ್ಟೆ. ಮುಸುಕು ತೆಗೆದು ಯಾರೋ ಒಬ್ಬಳು ನನ್ನೇ ಪಿಳಿಪಿಳಿ ನೋಡ್ತಾ ಇದ್ದಳು. ನನ್ನ ಜನ್ಮದಲ್ಲಿ ಕಂಡವಳಲ್ಲ!

"ನೀವು ಯಾವೂರೋರು?" ಅಂದೆ.

"ಹೊಳಲ್ಕೆರೆ" ಅಂದಳು. "ನೀವು?"

ಅಷ್ಟರಲ್ಲಿ ಆ ಹುಡುಗಿ ಬಂದು, ಹಿರಿಯೂರಿನಾಕೆ ಕಾಯಿಲೆಯೋಳೇ ಅಲ್ಲ, ತವರಿನ ಅಣ್ಣನ ಹೆಂಡತಿಯ ಕಣ್ಣಿನ ಆಪರೇಷನ್‌ಗೆ ಜೊತೆಗೆ ಬಂದಿದ್ದಳು, ಬೆಳಿಗ್ಗೆಯೇ ಇಬ್ಬರೂ ಊರಿಗೆ ಹೋದರು ಅಂದಳು. ನನಗೆ ನೆಲ ಬಾಯಿಬಿಡಬಾರದಾ ಅನ್ನಿಸಿತು. "ತಪ್ಪಾಯ್ತು ಕಣ್ರವ್ವ, ನಾನು ನೋಡಕ್ಕೆ ಬಂದಿದ್ದು ಬೇರೆ ಯಾರನ್ನೋ" ಅಂತ ಫ್ಲಾಸ್ಕು ಎತ್ತಿಕೊಂಡೆ.

ಪಕ್ಕದಲ್ಲಿ ಕುಂತಿದ್ದ ಹಿರಿಯಾಕೆ ನನ್ನ ಎರಡು ಕೈ ಗಟ್ಟಿಯಾಗಿ ಹಿಡಿದುಕೊಂಡರು. ಆಕೆ ಮಲಗಿದ್ದವಳ ಅತ್ತೆಯಂತೆ. ಕಣ್ಣಲ್ಲಿ ಆನಂದ. "ತಪ್ಪಲ್ಲ ತಾಯಿ, ಒಂದೂ ತಪ್ಪು ಹೇಳ್ಲಿಲ್ಲ ನೀವು!" ಅಂದು ಸೊಸೆ ಕಡೆ ತಿರುಗಿದರು. "ಕೇಳಿದ್ಯೇನೇ? ನಾನು ಹೇಳಿದ್ರೆ ಅತ್ತೆ ಚಾಡಿ ಅಂತಿದ್ದೆ. ನಿನ್ನ ಸಿಟ್ಟು ಹಿರಿಯೂರಿನ ತನಕ ಗೊತ್ತಾಗೈತೆ!"

೬. ಹೊಸಬರು ಯಾರು

ಉಳಿದಿದ್ದು ತೋರುಬೆರಳು, ನೆರೆಯೋರನ್ನ ಕರಕೊಂಡು ಬರೋದು. ಈಸ್ಟರ್ ಹಬ್ಬಕ್ಕೆ ಎರಡೇ ದಿನ. ನಮ್ಮ ಪಕ್ಕದ ಮನೆಯಲ್ಲಿ ಕುರಿ ಸಾಕೋರು ಇದಾರೆ. ಆ ಮನೆ ಯಜಮಾನಿಗೆ ಇಡೀ ಬೀದಿಯೋರು ಕುರಿಯಜ್ಜಿ ಅಂತಲೇ ಕರೆಯೋದು. ನನ್ನ ವಯಸ್ಸಿನೋಳು. ಅವಳಿಗೂ ಅವಳ ಸೊಸೆಗೂ ಬೆಳಗೆದ್ದರೆ ಯುದ್ಧ. ನಮ್ಮನೇಲಿ ಗಡಿಯಾರ ಬೇಕಿಲ್ಲ, ಅವರ ದನಿ ಕೇಳಿ ಒಲೆ ಹಚ್ಚಬಹುದು.

"ಭಾನುವಾರ ನಮ್ಮ ಚರ್ಚಿಗೆ ಬಾರಜ್ಜಿ" ಅಂದೆ.

"ಏನು ಕೊಡ್ತಾರೆ?" ಅಂದಳು ನೇರವಾಗಿ.

ಏನು ಹೇಳಲಿ? ನನಗೆ ತಿಂಗಳಿಂದ ತಲೇಲಿ ಇದ್ದದ್ದು ಅದೊಂದೇ. "ಸಮಾಧಾನ ಕೊಡ್ತಾರೆ" ಅಂದೆ.

"ನಿಜವಾಗ್ಲೂ? ಹಂಗಾರೆ ಹೋಗಾಣ" ಅಂದಳು. "ನಮ್ಮನೇಲಿ ಅದೊಂದು ಬಿಟ್ಟು ಎಲ್ಲಾ ಐತೆ."

ಈಸ್ಟರ್ ದಿನ ಇಳಕಲ್ ಸೀರೆ ಉಟ್ಟು, ತೆಂಗಿನಕಾಯಿ ಹಿಡಿದು ಬಂದಳು. ಕಾಯಿ ಎಲ್ಲಿ ಒಡೀಬೇಕು ಅಂತ ಕೇಳಿದಾಗ ನಮ್ಮ ಯಜಮಾನರಿಗೆ ಏನೂ ತೋಚದೆ ಅಡಿಗೆ ಒಲೆ ತೋರಿಸಿದರು. ಕಾಯಿ ಸಾರಿನ ಮಸಾಲೆಗೆ ಹೋಯ್ತು. ಒಳಗೆ ಬಂದವಳೇ ನನ್ನ ಕಂಬ ನೋಡಿದಳು. "ಬೆನ್ನಿಗೆ ಆಸರೆ ಚೆನ್ನಾಗೈತೆ, ಅಲ್ಲಾಡು" ಅಂತ ನನ್ನ ಆ ಕಡೆ ತಳ್ಳಿ, ಕಂಬಕ್ಕೆ ಒರಗಿ ಕುಂತೇಬಿಟ್ಟಳು. ನಾನು ಅಷ್ಟು ದಿನ ಕಾಪಾಡಿಕೊಂಡ ಜಾಗ! ಕೋಪ ಬರಬೇಕಿತ್ತು. ಬದಲಿಗೆ ಒಂದು ಬೆಳಕು ಬಂತು ನೋಡ್ರಿ. ಈಗ ಸಾಲಿನ ಕೊನೆಯೋಳು ಕುರಿಯಜ್ಜಿ. ನಾನು ಅವಳಿಗೆ ಕೊಟ್ಟರೆ ಆಯ್ತು. ಅವಳು ಹಿಂದೆ ತಿರುಗಿ ವಾರಗಿತ್ತಿಗೆ ಕೊಡ್ತಾಳೆ. ನಾನು ಕೊಟ್ಟ ಹಾಗೂ ಆಯ್ತು, ಕೊಡದ ಹಾಗೂ ಆಯ್ತು. ರೊಟ್ಟಿಗೆ ಕೈಚಾಚಬಹುದು!

ಹಾಡು ಮುಗಿದ ಮೇಲೆ ಅಯ್ಯನೋರು ಎಂದಿನ ಹಾಗೆ, "ಇಂದು ನಮ್ಮ ನಡುವೆ ಹೊಸಬರು ಇದ್ದರೆ ದಯವಿಟ್ಟು ಎದ್ದು ನಿಂತು ತಮ್ಮ ಪರಿಚಯ ಹೇಳಬೇಕು" ಅಂತ ಕುರಿಯಜ್ಜಿ ಕಡೆ ನೋಡಿ ನಕ್ಕರು. ನಾನು ತಿವಿದೆ. ಅವಳು ಕುಂತಲ್ಲಿಂದಲೇ ಅಂದಳು:

"ನಾನ್ಯಾಕಪ್ಪ ಹೊಸಬಳು? ಈ ಊರಾಗೇ ಹುಟ್ಟಿ ಈ ಊರಾಗೇ ಮುದುಕಿ ಆದೋಳು. ಹೊಸಬ ನೀನು. ಹೇಳು, ಯಾವೂರು, ಯಾರ ಮಗ?"

ಅಯ್ಯನೋರು ಅತ್ತ ಇತ್ತ ನೋಡಿದರು. ಆಮೇಲೆ ಕೈಕಟ್ಟಿಕೊಂಡು, ತಮ್ಮ ಊರು, ತಂದೆ ಹೆಸರು, ತಾಯಿ ಹೆಸರು, ಇನ್ನೂ ಮದುವೆ ಆಗಿಲ್ಲ ಅನ್ನೋದು, ಎಲ್ಲಾ ಹೇಳಿ ಕುಂತ್ಕೊಂಡರು.

೭. ಸೆರಗಿಗೆ ಗಂಟು

ಸಮಾಧಾನ ಕೊಡೋ ಹೊತ್ತು ಬಂತು. ಇದಾದ ಮೇಲೆ ಕರ್ತನ ಭೋಜನ. ಮುಂದಿನ ಸಾಲು ಮುಗೀತು, ನಮ್ಮ ಸಾಲಿಗೆ ಬಂತು. ನನ್ನ ಕೈಗೆ ಬಂದಾಗ ಸಭೆಯೆಲ್ಲ ನನ್ನ ಕೆಮ್ಮಿಗೆ ಕಾಯ್ತಾ ಇತ್ತು. ನಾನು ಕೆಮ್ಮಲಿಲ್ಲ. ಕುರಿಯಜ್ಜಿ ಎರಡೂ ಕೈ ಹಿಡಿದು, "ದೇವರ ಸಮಾಧಾನ ನಿನಗಿರಲಿ" ಅಂದೆ.

ಕುರಿಯಜ್ಜಿ ಭಕ್ತಿಯಿಂದ ಕೈ ಮುಚ್ಚಿ, ಕಣ್ಣಿಗೊತ್ತಿಕೊಂಡಳು. ಆಮೇಲೆ ಸೆರಗಿನ ತುದಿ ಎತ್ತಿ, ಕೈಯಲ್ಲಿದ್ದದ್ದನ್ನ ಅದರೊಳಗೆ ಹಾಕಿ, ಬಿಗಿಯಾಗಿ ಒಂದು ಗಂಟು ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಹಿಂದೆ ವಾರಗಿತ್ತಿ ಕೈ ಚಾಚಿಕೊಂಡು ಕುಂತಿದ್ದಳು.

"ಅಜ್ಜಿ, ಹಿಂದಕ್ಕೆ ಕೊಡು" ಅಂತ ಪಿಸುಗುಟ್ಟಿದೆ.

"ಯಾಕೆ ಕೊಡ್ಲಿ? ನಂಗೆ ಕೊಟ್ಟಿದ್ದಲ್ವಾ?"

"ಇಸ್ಕಂಡೋರು ಇನ್ನೊಬ್ಬರಿಗೆ ಕೊಡ್ಬೇಕು ಕಣೇ. ಅದು ಪದ್ಧತಿ."

"ಆಹಾ! ಕಾಯಿ ತಂದು ಕೊಟ್ಟೀನಿ, ಬೆಳಗ್ಗಿಂದ ಕಾಲು ಮಡಚಿ ಕುಂತೀನಿ. ಸಿಕ್ಕಿದ್ದ ಇನ್ನೊಬ್ರಿಗೆ ಕೊಟ್ಟು ಬರಿಗೈಲಿ ಮನೆಗೆ ಹೋದ್ರೆ ಸೊಸೆ ಮುಂದೆ ಏನಂತ ನಿಲ್ಲಲಿ? ಅದಕ್ಕೇ ಅಲ್ವಾ ನನ್ನ ಕರ್ಕಂಡು ಬಂದಿದ್ದು ನೀನು?"

ಪಿಸುಮಾತು ಹೋಗಿ ದನಿ ಎದ್ದಿತ್ತು. ಅಯ್ಯನೋರು ರೊಟ್ಟಿಯ ತಟ್ಟೆ ಮೇಲಿನ ಬಿಳಿ ಬಟ್ಟೆಗೆ ಕೈಹಾಕಿ ಹಾಗೇ ನಿಂತಿದ್ದರು. ಗಂಡಸರ ಕಡೆಯೋರು ಕತ್ತು ಉದ್ದ ಮಾಡಿದರು. ಹಿಂದಿಂದ ವಾರಗಿತ್ತಿ ಮುಂದಕ್ಕೆ ಬಗ್ಗಿ, "ಅಜ್ಜಿ, ಇದು ಕೊಟ್ಟರೆ ಖಾಲಿ ಆಗೋದಲ್ಲ" ಅಂದಳು.

"ಇಸ್ಕಳ್ಳೋರೆಲ್ಲ ಹಂಗೇ ಅನ್ನೋದು" ಅಂದಳು ಕುರಿಯಜ್ಜಿ, ಗಂಟಿನ ಮೇಲೆ ಕೈಯಿಟ್ಟು.

ವಾರಗಿತ್ತಿಗೆ ತಡೆಯಕ್ಕಾಗಲಿಲ್ಲ. "ಅಕ್ಕಾ, ನೀನಾದ್ರೂ ಸರಿಯಾಗಿ ಹೇಳೇ!"

"ಹೇಳ್ತಾನೇ ಇದೀನಲ್ಲೇ, ಕೇಳ್ಬೇಕಲ್ಲ ಇವಳು!" ಅಂದೆ.

ಅಂದ ಮೇಲೆ ಇಬ್ಬರಿಗೂ ಗೊತ್ತಾಯ್ತು. ಸುಗ್ಗಿ ಹಬ್ಬದಿಂದ ಇದೇ ಮೊದಲನೇ ಮಾತು. ಅದೂ ದೇವರನ್ನ ನಡುವೆ ಇಟ್ಟುಕೊಳ್ಳದೆ. ಅವಳ ಮೂಗಿನ ತುದಿ ಕೆಂಪಾಯ್ತು. ನನಗೆ ಕೆಮ್ಮು ಬಂತು, ಈ ಸಲ ನಿಜವಾಗಿ.

ಕುರಿಯಜ್ಜಿ ನನ್ನ ಮುಖ ನೋಡಿದಳು, ಅವಳ ಮುಖ ನೋಡಿದಳು. "ಅವಳಿಗೂ ಬೇಕು, ನಿಂಗೂ ಕೊಡೋ ಆಸೆ ಐತೆ. ಮತ್ತೆ ನನ್ನ ಗಂಟಿನ ಮೇಲೆ ಯಾಕ್ರೇ ನಿಮ್ಮ ಕಣ್ಣು? ನೀನೇ ಕೊಡು ಆಕೆಗೆ" ಅಂದವಳೇ, ನನ್ನ ಕೈ ಎಳೆದು, ವಾರಗಿತ್ತಿ ಕೈ ಎಳೆದು, ಕುರಿಮರಿ ಬಾಯಿಗೆ ತಾಯಿ ಕೆಚ್ಚಲು ಹಿಡಿಸೋ ಹಾಗೆ ಒಂದರೊಳಗೆ ಒಂದು ತುರುಕಿದಳು.

"ದೇವರ ಸಮಾಧಾನ ನಿನಗಿರಲಿ ಕಣೇ" ಅಂದೆ.

"ನಿಂಗೂ ಇರ್ಲಿ ಅಕ್ಕಾ. ಹುಂಜ ಚೆನ್ನಾಗೈತೆ, ಮೇಯಿಸಿ ದಪ್ಪ ಮಾಡೀನಿ" ಅಂದಳು ವಾರಗಿತ್ತಿ.

ಮೂರನೇ ಸಾಲಿನಾಕೆ ಹಿಂದಿಂದ ಕೂಗಿದಳು: "ಬೇಗ ಬೇಗ ಹಿಂದಕ್ಕೆ ಬಿಡ್ರಿ, ಮತ್ತೆ ನಿಲ್ಲಿಸ್ಬೇಡ್ರಿ!" ಬಾಗಿಲ ತನಕ ಹರಿಯಿತು ಸಮಾಧಾನ. ಆವತ್ತು ನಾನೂ ಅವಳೂ ಪಕ್ಕಪಕ್ಕ ಮೊಣಕಾಲೂರಿ ರೊಟ್ಟಿಗೆ ಕೈಚಾಚಿದೆವು.

ಮಧ್ಯಾಹ್ನ ಮತ್ತೆ ಪ್ರೀತಿ ಭೋಜನ. ಅಯ್ಯನೋರು ತುತ್ತು ಬಾಯಿಗಿಟ್ಟು, ಕಣ್ಣು ಕಿರಿದು ಮಾಡಿ, ಏನೋ ಹುಡುಕೋ ಹಾಗೆ ಅಗಿದರು. ನಾನು ಸಾರಿನ ರುಚಿ ನೋಡಿದೆ. ಉಪ್ಪು ಅವಳ ಕೆಲಸ ಅಂತ ನಾನು ಬಿಟ್ಟಿದ್ದೆ. ಉಪ್ಪು ಅಕ್ಕನ ಕೆಲಸ ಅಂತ ಅವಳು ಬಿಟ್ಟಿದ್ದಳು. ಸಾರಿಗೆ ಒಂದು ಹರಳೂ ಬಿದ್ದಿರಲಿಲ್ಲ. ನಮ್ಮ ಯಜಮಾನರು ಬಾಯಿ ತೆರೆಯೋಷ್ಟರಲ್ಲಿ ಅಯ್ಯನೋರು ಅವರ ತೊಡೆ ಒತ್ತಿ, "ದಯವಿಟ್ಟು ಏನೂ ಕೇಳಬೇಡಿ. ಹೀಗೇ ತಿಂದುಬಿಡೋಣ" ಅಂತ ಬೇಡಿಕೊಂಡರು.

ಮುಂದಿನ ಭಾನುವಾರ ನಾನು ಚರ್ಚಿಗೆ ಹೋಗೋ ಹೊತ್ತಿಗೆ ಕುರಿಯಜ್ಜಿ ಆಗಲೇ ಕಂಬಕ್ಕೆ ಒರಗಿ ಕುಂತಿದ್ದಳು. ಪಕ್ಕದಲ್ಲಿ ಮುಖ ಊದಿಸಿಕೊಂಡು ಅವಳ ಸೊಸೆ.

"ಏನಜ್ಜಿ, ಮನೇಲಿ ಹೆಂಗಿತ್ತು ವಾರ?" ಅಂದೆ.

"ಎರಡು ದಿನ ಬಲು ಚೆನ್ನಾಗಿತ್ತು ಕಣವ್ವ, ಉಸಿರಿಲ್ಲ, ಮಾತಿಲ್ಲ. ಮಂಗಳವಾರಕ್ಕೆಲ್ಲ ಮುಗಿದುಹೋತು" ಅಂದಳು. ಬಿಚ್ಚಿದ ಸೆರಗಿನ ತುದಿ ಕೊಡವಿ ತೋರಿಸಿದಳು. ಆಮೇಲೆ ಮೊಣಕೈಯಿಂದ ಸೊಸೆಯನ್ನ ತಿವಿದು ಅಂದಳು: "ಅದಕ್ಕೇ ಈ ಸಲ ಇವಳನ್ನೂ ಕರ್ಕಂಡು ಬಂದೀನಿ. ಇವಳದ್ದು ಇವಳೇ ಇಸ್ಕಳ್ಳಿ. ನಂದರಾಗೆ ಪಾಲು ಕೇಳ್ತಾಳೆ!"